ಕೇಪಿನ ಬಿಗಿ, ಕೇಪಿನ ಸಡಿಲ

‘ಪ್ರೈಮರ್’ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನಂಥ ಮೇಷ್ಟರಿಗೆ ಮೊದಲು ನೆನಪಾಗುವುದು ಮಕ್ಕಳ ಮೊದಲ ಪಾಠಪುಸ್ತಕ. ಆದರೆ ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಬರೆದು ಕೇಳಿದ ಪ್ರೈಮರ್ ಬೇರೆಯದು. ಅವರು ಅಲ್ಲಿಯ ಕಾನೂನಿಗೆ ಅನುಸಾರವಾಗಿ ಗುರಿ ಅಭ್ಯಾಸದ ಕ್ಲಬ್ಬೊಂದರ ಸದಸ್ಯರು. ಹಾರಿಸಿದ ತೋಟಾದ ಹಿತ್ತಾಳೆಯ ಕೋಶವನ್ನು ಬಿಸಾಡದೆ, ಮನೆಯಲ್ಲಿಯೇ ಅದಕ್ಕೆ ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಬಳಸುವ ಪದ್ಧತಿ ಅಲ್ಲಿ ನೂರೈವತ್ತು ವರ್ಷಗಳಿಂದ ಇದೆ. ಅವರ ಪ್ರಶ್ನೆ ಇಷ್ಟು: “ಸರ್, ಒಂದೇ ಅಳತೆಯೆಂದು ಹೇಳಿ ಮಾರುವ ಪ್ರೈಮರುಗಳು ಒಂದು ಕೋಶದಲ್ಲಿ ಬೆಣ್ಣೆಯಂತೆ ಇಳಿಯುತ್ತವೆ, ಇನ್ನೊಂದರಲ್ಲಿ ಹಟ ಹಿಡಿಯುತ್ತವೆ, ಮತ್ತೊಂದರಲ್ಲಿ ತಾವಾಗಿಯೇ ಉದುರುತ್ತವೆ. ಇದಕ್ಕೆ ಕಾರಣ ಬರಿಯ ಕಾರ್ಖಾನೆಯ ಅಜಾಗರೂಕತೆಯೇ, ಅಥವಾ ಇದರ ಹಿಂದೆ ಇತಿಹಾಸವೇನಾದರೂ ಇದೆಯೇ?”

ಇತಿಹಾಸ ಇದೆ. ಪತ್ರದಲ್ಲಿ ಮುಗಿಯುವಷ್ಟು ಚಿಕ್ಕದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರು ಕೋವಿ ಮುಟ್ಟದವರು. ಆದರೂ ಓದಬಹುದು, ಏಕೆಂದರೆ ಈ ಕಥೆಯಲ್ಲಿ ಮದ್ರಾಸಿನ ಸಿಪಾಯಿಗಳಿದ್ದಾರೆ, ಹಲಗಲಿಯ ಬೇಡರಿದ್ದಾರೆ, ನಮ್ಮ ಕೊಡಗೂ ಇದೆ.

ಮೊದಲು ವಸ್ತುವನ್ನು ಕಣ್ಣೆದುರು ತಂದುಕೊಳ್ಳೋಣ. ತೋಟಾದ ಹಿಂಬದಿಯ ನಡುವೆ ಒಂದು ಸಣ್ಣ ಗುಂಡನೆಯ ಬಿಲ್ಲೆ ಕಾಣುತ್ತದೆ. ಅದು ಬಿಲ್ಲೆಯಲ್ಲ, ಬೋರಲು ಹಾಕಿದ ಪುಟ್ಟ ಲೋಹದ ಬಟ್ಟಲು. ಅದರೊಳಗೆ ಪೆಟ್ಟು ಬಿದ್ದರೆ ಸಾಕು, ಸಿಡಿಯುವಂಥ ಚಿಟಿಕೆ ರಾಸಾಯನಿಕವಿರುತ್ತದೆ. ಪೆಟ್ಟು ಬೀಳಬೇಕಾದರೆ ಸುತ್ತಿಗೆಯೊಂದೇ ಸಾಲದು, ಕೆಳಗೆ ಅಡಿಗಲ್ಲೂ ಬೇಕು. ಕೋವಿಯ ಸೂಜಿ ಸುತ್ತಿಗೆ; ಬಟ್ಟಲೊಳಗೆ ಅಥವಾ ಬಟ್ಟಲಿನಡಿಯಲ್ಲಿ ಇರುವ ಪುಟ್ಟ ಲೋಹದ ಮೊನೆಯೇ ಅಡಿಗಲ್ಲು. ಇವೆರಡರ ನಡುವೆ ಸಿಕ್ಕಿ ನಜ್ಜಾದ ರಾಸಾಯನಿಕ ಕಿಡಿ ಕಾರುತ್ತದೆ, ಆ ಕಿಡಿ ಒಂದು ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ. ಇಷ್ಟೇ ಕ್ರಿಯೆ. ಆದರೆ ಆ ಬಟ್ಟಲು ತನ್ನ ಗೂಡಿನಲ್ಲಿ ಎಷ್ಟು ಬಿಗಿಯಾಗಿ, ಎಷ್ಟು ಆಳದಲ್ಲಿ ಕೂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸರಿಯಾಗಿ ಕೆಳಗಿಳಿಯದೆ ಮೇಲೆಯೇ ಉಳಿದಿದ್ದರೆ ಸೂಜಿಯ ಪೆಟ್ಟಿನ ಬಲವೆಲ್ಲ ಬಟ್ಟಲನ್ನು ಕೆಳಗೆ ತಳ್ಳುವುದರಲ್ಲಿಯೇ ಕಳೆದುಹೋಗಿ ಕೋವಿ ಮೂಕವಾಗುತ್ತದೆ. ತಲೆಯೆತ್ತಿ ನಿಂತ ಅದೇ ಬಟ್ಟಲು ಸ್ವಯಂಚಾಲಿತ ರೈಫಲಿನಲ್ಲಿದ್ದರೆ, ಕುದುರೆ ಎಳೆಯುವ ಮೊದಲೇ, ಬೋಲ್ಟು ಮುಚ್ಚುವ ರಭಸಕ್ಕೇ ಸಿಡಿದುಬಿಡಲೂಬಹುದು. ಸಡಿಲವಾಗಿದ್ದರೆ ಬಿಸಿ ಅನಿಲ ಹಿಂದಕ್ಕೆ, ಅಂದರೆ ಹಾರಿಸುವವನ ಮುಖದ ಕಡೆಗೇ ನುಗ್ಗುತ್ತದೆ. ಸಾಮಾನ್ಯವಾಗಿ ಬಟ್ಟಲನ್ನು ಗೂಡಿಗಿಂತ ಒಂದಿಷ್ಟು ದಪ್ಪವಾಗಿ ಮಾಡಿ ಒತ್ತಿ ಕೂರಿಸುತ್ತಾರೆ. ಆ ‘ಒಂದಿಷ್ಟು’ ಎಂದರೆ ಇಂಚಿನ ಸಾವಿರದ ಒಂದೆರಡು ಅಂಶ. ನಮ್ಮ ತಲೆಗೂದಲು ಇಂಚಿನ ಸಾವಿರದ ಸುಮಾರು ಮೂರು ಅಂಶ ದಪ್ಪವಿರುತ್ತದೆ. ಕೂದಲೆಳೆಯ ಅಂತರ ಎಂಬ ಮಾತು ಇಲ್ಲಿ ಅಲಂಕಾರವಲ್ಲ.

ಈ ಬಟ್ಟಲಿಗೆ ಮುಂಚೆ ಏನಿತ್ತು? ಬತ್ತಿಯ ಕೋವಿ, ಆಮೇಲೆ ಚಕಮಕಿಯ ಕೋವಿ. ನಳಿಗೆಯ ಪಕ್ಕದಲ್ಲಿ ಒಂದು ಪುಟ್ಟ ಬಾಣಲೆ, ಅದರಲ್ಲಿ ಚಿಟಿಕೆ ನಯವಾದ ಮದ್ದು. ಚಕಮಕಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಿ, ಬಾಣಲೆಯ ಮದ್ದು ಹೊತ್ತಿ, ಆ ಜ್ವಾಲೆ ಕಿವಿಯ ಮೂಲಕ ನಳಿಗೆಯೊಳಕ್ಕೆ ಹೋಗಬೇಕು. ಬಾಣಲೆಯ ಆ ಚಿಟಿಕೆ ಮದ್ದಿಗೆ ಇದ್ದ ಹೆಸರೇ ಇಂದು ಬಟ್ಟಲಿಗೂ ಅಂಟಿಕೊಂಡು ಪ್ರೈಮರ್ ಆಗಿದೆ. ಚಕಮಕಿಯ ಕೋವಿಯ ದೋಷ ಎರಡು: ಮಳೆ ಬಂದರೆ ಮದ್ದು ನೆನೆಯುತ್ತದೆ, ಹೊತ್ತಿದರೂ ಬಾಣಲೆಯ ಮಿಂಚಿಗೂ ಗುಂಡು ಹೊರಡುವುದಕ್ಕೂ ನಡುವೆ ಕ್ಷಣಕಾಲ ಅಂತರ ಬೀಳುತ್ತದೆ.

ಆದರೆ ಅದಕ್ಕೊಂದು ಗುಣವೂ ಇತ್ತು. ಅದರಲ್ಲಿ ಊರಿನವರು ಮಾಡಲಾಗದಂಥದ್ದು ಏನೂ ಇರಲಿಲ್ಲ. ನಳಿಗೆಗೆ ಕಮ್ಮಾರ, ಹಿಡಿಗೆ ಬಡಗಿ, ಮದ್ದಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲು, ಗುಂಡಿಗೆ ಸೀಸ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರಖಾನೆಗಳು ತಯಾರಿಸಿದ ಚಕಮಕಿ ಕೋವಿಗಳು ಇಂದಿಗೂ ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿವೆ. ಕುಸುರಿಯಲ್ಲಿ ಅವು ಯೂರೋಪಿನವಕ್ಕೆ ಬಿಟ್ಟುಕೊಡುವಂಥವಲ್ಲ. ಟಿಪ್ಪು ಮಡಿದದ್ದು 1799ರಲ್ಲಿ. ಅದರ ಮರುವರ್ಷವೇ, 1800ರಲ್ಲಿ, ಎಡ್ವರ್ಡ್ ಹೊವಾರ್ಡ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಲಂಡನ್ನಿನ ರಾಯಲ್ ಸೊಸೈಟಿಗೆ ಪಾದರಸದ ಫಲ್ಮಿನೇಟಿನ ವಿಚಾರವಾಗಿ ಪ್ರಬಂಧ ಸಲ್ಲಿಸಿದ. ಕುಟ್ಟಿದರೆ ಸಿಡಿಯುವ ಈ ಲವಣ ಪ್ರಯೋಗಗಳ ನಡುವೆ ಅವನನ್ನೇ ಗಾಯಗೊಳಿಸಿತ್ತು. ಇದನ್ನು ಕೋವಿಯ ಮದ್ದಿಗೆ ಬದಲಾಗಿ ಬಳಸಬಹುದೇ ಎಂದು ಅವನು ನೋಡಿದ; ನಳಿಗೆಯೇ ಒಡೆಯುತ್ತದೆ ಎಂದು ತಿಳಿದು ಕೈಬಿಟ್ಟ.

ಮದ್ದಿಗೆ ಬದಲಾಗಿ ಅಲ್ಲ, ಮದ್ದನ್ನು ಹೊತ್ತಿಸಲು ಇಂಥ ಸಿಡಿಪುಡಿಯನ್ನು ಬಳಸಬಹುದೆಂದು ತೋರಿಸಿದವನು ಸೈನಿಕನೂ ಅಲ್ಲ, ಕೋವಿ ಕಮ್ಮಾರನೂ ಅಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ, ಅಲೆಕ್ಸಾಂಡರ್ ಜಾನ್ ಫೋರ್ಸೈತ್. ಅವನಿಗೆ ನೀರುಹಕ್ಕಿ ಬೇಟೆಯ ಹುಚ್ಚು. ಬಾಣಲೆಯ ಮಿಂಚು ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದುದೇ ಅವನ ದುಃಖ. ಮಿಂಚೇ ಕಾಣದಂತೆ, ಅಂತರವೇ ಬೀಳದಂತೆ ಹಾರಿಸುವ ಉಪಾಯ ಹುಡುಕುತ್ತ ಹೋಗಿ ಅವನು ಸಿಡಿಪುಡಿಯ ಬೀಗವನ್ನು ಕಂಡುಹಿಡಿದ. 1806ರಲ್ಲಿ ಸರ್ಕಾರ ಅವನನ್ನು ಲಂಡನ್ನಿನ ಟವರಿಗೆ ಕರೆಸಿ ಪ್ರಯೋಗ ಮಾಡಿಸಿತು. ಆಯುಧ ಇಲಾಖೆಯ ಮುಖ್ಯಾಧಿಕಾರಿ ಬದಲಾದೊಡನೆ ಅವನ ಸಾಮಾನು ಹೊರಗೆ ಹಾಕಿಸಿತು. 1807ರಲ್ಲಿ ಅವನು ಪೇಟೆಂಟ್ ಪಡೆದ. ಸೈನ್ಯ ಆ ತತ್ವವನ್ನು ಒಪ್ಪಿಕೊಂಡಾಗ ಅವನಿಗೆ ಎಪ್ಪತ್ತು ದಾಟಿತ್ತು. 1842ರಲ್ಲಿ 200 ಪೌಂಡು ಗೌರವಧನ ಸಿಕ್ಕಿತು, 1843ರಲ್ಲಿ ಅವನು ತೀರಿಕೊಂಡ. ಸರ್ಕಾರಗಳ ಕೃತಜ್ಞತೆಯ ವೇಗ ಯಾವ ದೇಶದಲ್ಲಿಯೂ ಒಂದೇ.

ಫೋರ್ಸೈತನ ಬೀಗದಲ್ಲಿ ಪುಡಿ ಬಿಡಿಯಾಗಿತ್ತು. ಅದನ್ನು ತಾಮ್ರದ ಪುಟ್ಟ ಟೋಪಿಯೊಳಗೆ ಅಂಟಿಸಿ, ಕೋವಿಯ ಮೊಲೆತೊಟ್ಟಿನಂಥ ಮೊನೆಯ ಮೇಲೆ ತೊಡಿಸಿದರೆ ಸಾಕೆಂಬುದು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಹೊಳೆಯಿತು. ಮೊದಲು ಹೊಳೆದದ್ದು ತನಗೇ ಎಂದು ಹೇಳಿಕೊಂಡವರು ಹಲವರು. 1822ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವನು ಜೋಶುವಾ ಶಾ ಎಂಬ ಚಿತ್ರಕಾರ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ನಾವು ‘ಕೇಪು’ ಎಂದು ಕರೆಯುತ್ತ ಬಂದದ್ದು ಈ ಟೋಪಿಯನ್ನೇ. ಕೇಪಿನ ಕೋವಿಯಿಂದ ಹಂದಿ ಕಾದವರಿಗೆ ಬಿಗಿ ಸಡಿಲಗಳ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೊಟ್ಟಿಗೆ ಸಡಿಲವಾದ ಕೇಪು ಗದ್ದೆಯ ಬದುವಿನಲ್ಲಿ ನಡೆಯುವಾಗಲೇ ಬಿದ್ದುಹೋಗುತ್ತದೆ. ಬಿಗಿಯಾದದ್ದು ಅರ್ಧಕ್ಕೆ ನಿಂತು, ಮೊದಲ ಪೆಟ್ಟಿಗೆ ಕೆಳಗಿಳಿದು, ಎರಡನೆಯ ಪೆಟ್ಟಿಗೆ ಹೊತ್ತುತ್ತದೆ. ಅಷ್ಟರಲ್ಲಿ ಹಂದಿ ಕಾಡು ಸೇರಿರುತ್ತದೆ. ಅಮೆರಿಕದ ವಿದ್ಯಾರ್ಥಿಯ ಮೇಜಿನ ಮೇಲಿನ ಸಮಸ್ಯೆಯ ಮೂಲರೂಪ ಇದೇ.

ಕೇಪಿನ ಲಾಭ ಎಷ್ಟೆಂಬುದಕ್ಕೆ ಒಂದು ಲೆಕ್ಕವಿದೆ. 1834ರಲ್ಲಿ ಇಂಗ್ಲೆಂಡಿನ ವೂಲ್‌ವಿಚ್‌ನಲ್ಲಿ ಎಲ್ಲ ಬಗೆಯ ಹವೆಯಲ್ಲಿಯೂ ಎರಡೂ ತರದ ಕೋವಿಗಳಿಂದ ಆರಾರು ಸಾವಿರ ಈಡು ಹಾರಿಸಿ ನೋಡಿದರು. ಚಕಮಕಿ ಕೋವಿಗಳು 922 ಬಾರಿ ಕೈಕೊಟ್ಟವು. ಕೇಪಿನ ಕೋವಿಗಳು ಕೈಕೊಟ್ಟದ್ದು 36 ಬಾರಿ ಮಾತ್ರ. ಗಣಿತ ಪಾಠ ಮಾಡಿದವರು ಭಾಗಿಸಿ ನೋಡಬಹುದು: ಒಂದರಲ್ಲಿ ಸುಮಾರು ಆರೂವರೆಗೆ ಒಂದು, ಇನ್ನೊಂದರಲ್ಲಿ ಸುಮಾರು ನೂರ ಅರವತ್ತೇಳಕ್ಕೆ ಒಂದು.

ಅಂಕೆಗಳಲ್ಲಿ ಕಾಣದ್ದು 1841ರ ಮೇ ತಿಂಗಳ ಕೊನೆಯಲ್ಲಿ ಚೀನದ ಕ್ಯಾಂಟನ್ ಪಟ್ಟಣದ ಹೊರವಲಯದಲ್ಲಿ ಕಂಡಿತು. ಅಫೀಮು ಯುದ್ಧದ ಕಾಲ. ಈಸ್ಟ್ ಇಂಡಿಯಾ ಕಂಪನಿಯ 37ನೆಯ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಒಂದು ತುಕಡಿ ಸಾನ್‌ಯುವಾನ್‌ಲಿ ಎಂಬ ಹಳ್ಳಿಯ ಸುತ್ತಿನ ಗದ್ದೆಬಯಲಿನಲ್ಲಿ ಮುಖ್ಯ ಸೈನ್ಯದಿಂದ ತಪ್ಪಿಹೋಯಿತು. ಗುಡುಗು ಸಹಿತ ಜಡಿಮಳೆ. ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕೋವಿ. ಒಂದೂ ಹೊತ್ತಲಿಲ್ಲ. ಈಟಿ ಭರ್ಜಿಗಳನ್ನು ಹಿಡಿದ ಸಾವಿರಾರು ಹಳ್ಳಿಗರು ಸುತ್ತುವರಿದರು. ಬೆನ್ನಿಗೆ ಬೆನ್ನು ಕೊಟ್ಟು ಚೌಕ ಕಟ್ಟಿ, ಸನೀನುಗಳಿಂದಲೇ ತಡೆದು ನಿಂತ ಅವರನ್ನು ಕತ್ತಲಾದ ಮೇಲೆ ಹುಡುಕಿ ಬಿಡಿಸಿಕೊಂಡು ಬಂದದ್ದು ಕೇಪಿನ ಕೋವಿ ಹಿಡಿದ ಎರಡು ಮರೀನ್ ತುಕಡಿಗಳು. ಅದೇ ಮಳೆ, ಅದೇ ಗದ್ದೆ. ಅವರ ಕೋವಿಗಳು ಹೊತ್ತಿದವು. ಸಿಪಾಯಿಗಳಲ್ಲಿ ಒಬ್ಬ ಸತ್ತು ಹಲವರು ಗಾಯಗೊಂಡಿದ್ದರು. ತಮ್ಮದಲ್ಲದ ನೆಲದಲ್ಲಿ, ತಮ್ಮದಲ್ಲದ ಜಗಳಕ್ಕೆ, ಹಳೆಯ ಕೋವಿ ಹಿಡಿದು ಹೋದ ಆ ದಕ್ಷಿಣದೇಶದ ಸಿಪಾಯಿಗಳ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಬರಲಿಲ್ಲ. ಚೀನದಲ್ಲಿ ಮಾತ್ರ ಸಾನ್‌ಯುವಾನ್‌ಲಿ ಎಂದರೆ ಜನತೆಯ ಪ್ರತಿಭಟನೆಯ ಹೆಸರು. ಅವರ ದೃಷ್ಟಿಯಿಂದ ಅದೂ ನ್ಯಾಯವೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಕೇಪು ಬಂದ ಮೇಲೆ ಊರಿನ ಕೈಯಿಂದ ಏನೋ ಒಂದು ಜಾರಿತು. ನಳಿಗೆ ಮಾಡಬಹುದು, ಮದ್ದು ಕುಟ್ಟಬಹುದು, ಗುಂಡು ಎರಕ ಹೊಯ್ಯಬಹುದು, ಕೇಪು ಮಾಡಲಾಗದು. ಅದಕ್ಕೆ ರಸಾಯನಶಾಲೆ ಬೇಕು, ತಾಮ್ರದ ತಗಡನ್ನು ಒಂದೇ ಅಳತೆಗೆ ಒತ್ತುವ ಯಂತ್ರ ಬೇಕು. ಕೇಪನ್ನು ಹತೋಟಿಯಲ್ಲಿಟ್ಟುಕೊಂಡವನು ಕೋವಿಯನ್ನೂ ಹತೋಟಿಯಲ್ಲಿಟ್ಟುಕೊಂಡ ಹಾಗೆಯೇ. 1857ರ ದಂಗೆಗೆ ಕಿಡಿಯಾದ ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ಕಾಗದದ ತೋಟಾ ಎಲ್ಲರಿಗೂ ಗೊತ್ತು. ಅದೂ ಕೇಪಿನಿಂದ ಹೊತ್ತುವ ಕೋವಿಯೇ. ಅದೇ ವರ್ಷ ಬಂದ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಆಯುಧವೇ ಅವರ ಜೀವನೋಪಾಯ, ಅದೇ ಅವರ ಮಾನ. 1857ರ ನವೆಂಬರಿನಲ್ಲಿ ಕಂಪನಿಯ ಸೈನ್ಯ ಊರಿಗೆ ಬೆಂಕಿಯಿಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಉತ್ತರ ಕರ್ನಾಟಕದ ಲಾವಣಿ ಅವರನ್ನು ಮರೆಯಗೊಡಲಿಲ್ಲ. ಇನ್ನೊಂದು ಕಡೆ, ನಾಲ್ಕೇ ವರ್ಷಗಳ ತರುವಾಯ, 1861ರಲ್ಲಿ, ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ನಿರ್ಬಂಧದಿಂದ ಹೊರಗಿಟ್ಟ. ಒಂದೇ ಸರ್ಕಾರ, ಒಂದೇ ಕಾನೂನು. ಒಂದು ಸೀಮೆಗೆ ಬೆಂಕಿ, ಇನ್ನೊಂದು ಸೀಮೆಗೆ ವಿನಾಯಿತಿ. ಕೊಡಗಿನ ಆ ವಿನಾಯಿತಿ ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯ ಅಡಿಯಲ್ಲಿಯೂ ಮುಂದುವರಿಯಿತು; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ತೋಕಿಗೆ ಹೂವಿಟ್ಟು ಪೂಜಿಸುವ ಮನೆಗಳವರು ಈ ಸಾಲುಗಳನ್ನು ಓದುತ್ತಿರಬಹುದು.

ಈಗ ಮೂಲ ಪ್ರಶ್ನೆಗೆ ಬರೋಣ. ಕೇಪು ಕೋವಿಯ ಹೊರಗಿನಿಂದ ತೋಟಾದ ಒಳಕ್ಕೆ ಬಂದದ್ದು 1860ರ ದಶಕದಲ್ಲಿ. ನಳಿಗೆಯ ಹಿಂಬದಿಯಿಂದ ತುಂಬುವ ಕೋವಿಗಳು ಬಂದಾಗ ಮದ್ದು, ಗುಂಡು, ಕೇಪು ಮೂರೂ ಒಂದೇ ಲೋಹದ ಕೋಶದಲ್ಲಿ ಸೇರಬೇಕಾಯಿತು. ಆಗ ಎದ್ದ ಪ್ರಶ್ನೆಯೇ ಅಡಿಗಲ್ಲು ಎಲ್ಲಿರಬೇಕು ಎಂಬುದು. ಇಬ್ಬರು ಒಂದೇ ವರ್ಷದಲ್ಲಿ ಎರಡು ಉತ್ತರ ಕೊಟ್ಟರು. ಅಮೆರಿಕದ ಹೈರಮ್ ಬರ್ಡನ್, ಅಂತರ್ಯುದ್ಧದಲ್ಲಿ ಗುರಿಕಾರರ ದಳ ಕಟ್ಟಿದವನು, ವೃತ್ತಿಯಿಂದ ಎಂಜಿನಿಯರ್, 1866ರ ಮಾರ್ಚಿನಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನ ಪದ್ಧತಿಯಲ್ಲಿ ಅಡಿಗಲ್ಲು ಕೋಶದ್ದೇ ಭಾಗ. ಗೂಡಿನ ತಳದಿಂದಲೇ ಒಂದು ಗುಬ್ಬಿ ಎದ್ದಿರುತ್ತದೆ, ಅದರ ಪಕ್ಕದಲ್ಲಿ ಎರಡು ಸಣ್ಣ ಕಿಡಿರಂಧ್ರಗಳು. ಬಟ್ಟಲಿನಲ್ಲಿ ಪುಡಿ ಮಾತ್ರ. ಇಂಗ್ಲೆಂಡಿನ ವೂಲ್‌ವಿಚ್ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ ಎಡ್ವರ್ಡ್ ಮೌನಿಯರ್ ಬಾಕ್ಸರ್ ಅದೇ ವರ್ಷದ ಅಕ್ಟೋಬರಿನಲ್ಲಿ ಪೇಟೆಂಟ್ ಪಡೆದ. ಅವನ ಪದ್ಧತಿಯಲ್ಲಿ ಅಡಿಗಲ್ಲು ಬಿಡಿಯಾದ ತುಂಡು, ಬಟ್ಟಲಿನೊಂದಿಗೇ ಬಂದು ಬಟ್ಟಲಿನೊಂದಿಗೇ ಹೋಗುವಂಥದು. ಗೂಡಿನ ತಳದಲ್ಲಿ ನಡುವೆ ಒಂದೇ ರಂಧ್ರ. ಹಳೆಯ ಎನ್‌ಫೀಲ್ಡುಗಳ ಹಿಂಬದಿ ಕತ್ತರಿಸಿ ಮಾಡಿದ ಸ್ನೈಡರ್ ರೈಫಲಿಗೆ ಬಾಕ್ಸರನ ತೋಟಾ ಒದಗಿತು.

ವಿಧಿಯ ತಮಾಷೆ ನೋಡಿ. ಇಂಗ್ಲಿಷರವನ ಪದ್ಧತಿ ಕಾಲಕ್ರಮದಲ್ಲಿ ಅಮೆರಿಕದ್ದಾಯಿತು, ಅಮೆರಿಕದವನ ಪದ್ಧತಿ ಯೂರೋಪಿನದಾಯಿತು. ಬರ್ಡನ್ ತನ್ನ ರೈಫಲ್ ಹೊತ್ತು ರಷ್ಯಕ್ಕೆ ಹೋದ, ಅಲ್ಲಿಯ ಸೈನ್ಯಕ್ಕೆ ಅದು ‘ಬೆರ್ದಾಂಕಾ’ ಆಯಿತು. ಅವನ ಅಡಿಗಲ್ಲಿನ ಕೋಶ ಯೂರೋಪಿನ ಸೈನ್ಯಗಳಿಗೆ ಹಿಡಿಸಿತು, ಏಕೆಂದರೆ ಬಟ್ಟಲು ಸರಳ, ಅಗ್ಗ. ಸೈನ್ಯಕ್ಕೆ ಖಾಲಿ ಕೋಶ ಮತ್ತೆ ತುಂಬುವ ಗೊಡವೆ ಬೇಡ. ಅಮೆರಿಕದ ಕಥೆ ಬೇರೆ. ಅಲ್ಲಿ ಕಾಡೆಮ್ಮೆ ಬೇಟೆಗಾರ, ದನಗಾಹಿ, ಒಂಟಿ ಬೇಸಾಯಗಾರ ಅಂಗಡಿಯಿಂದ ನೂರಾರು ಮೈಲಿ ದೂರ. 1870ರ ದಶಕದ ಬೇಟೆಗಾರರು ಮದ್ದು, ಸೀಸ, ಪ್ರೈಮರುಗಳನ್ನು ಹೊತ್ತೊಯ್ದು ಡೇರೆಯಲ್ಲಿಯೇ ರಾತ್ರಿ ತೋಟಾ ತುಂಬುತ್ತಿದ್ದರು. ಬಾಕ್ಸರ್ ಮಾದರಿಯ ಕೋಶವಾದರೆ ನಡುರಂಧ್ರದಲ್ಲಿ ಒಂದು ಸೂಜಿ ಇಳಿಸಿ ತಳ್ಳಿದರೆ ಹಳೆಯ ಬಟ್ಟಲು ಉದುರುತ್ತದೆ. ಬರ್ಡನ್ ಕೋಶದಲ್ಲಿ ನಡುವೆ ಅಡಿಗಲ್ಲು. ಸೂಜಿ ಅದಕ್ಕೇ ತಾಗಿ ಮುರಿಯುತ್ತದೆ, ಬಟ್ಟಲನ್ನು ಹೊರಗಿನಿಂದ ಮೀಟಿ ತೆಗೆಯಬೇಕು. 1884ರಲ್ಲಿ ಜಾನ್ ಬಾರ್ಲೋ ಎಂಬವನು ಕನೆಕ್ಟಿಕಟ್ ರಾಜ್ಯದಲ್ಲಿ ಸ್ಥಾಪಿಸಿದ ಐಡಿಯಲ್ ಕಂಪನಿಯ ಇಕ್ಕಳದಂಥ ಕೈಯುಪಕರಣಗಳು ಮನೆಮನೆಗೆ ಹೋದವು. ಮನೆಯಲ್ಲಿ ತುಂಬುವವನ ಅನುಕೂಲವೇ ಅಲ್ಲಿಯ ಕಾರ್ಖಾನೆಗಳ ನಿಯಮವಾಯಿತು.

ಎರಡೂ ಅಲ್ಲದ ಮೂರನೆಯ ದಾರಿಯೂ ಒಂದಿತ್ತು. ಅಮೆರಿಕದ ಫ್ರಾಂಕ್‌ಫರ್ಡ್ ಆಯುಧಾಗಾರದಲ್ಲಿ ಕರ್ನಲ್ ಸ್ಟೀಫನ್ ವಿನ್ಸೆಂಟ್ ಬೆನೆಟ್ ಬಟ್ಟಲನ್ನು ತಾಮ್ರದ ಕೋಶದ ಒಳಗೇ ಅಡಗಿಸಿಟ್ಟ. ಅದೇ ಹೆಸರಿನ ಅಮೆರಿಕನ್ ಕವಿ ಅವನ ಮೊಮ್ಮಗ. ಹೊರಗಿನಿಂದ ನೋಡಿದರೆ ಬಟ್ಟಲೇ ಕಾಣದು, ಆದ್ದರಿಂದ ಬಿಗಿ ಸಡಿಲದ ಪ್ರಶ್ನೆಯೂ ಇಲ್ಲ, ಮರುತುಂಬುವ ಪ್ರಶ್ನೆಯೂ ಇಲ್ಲ. 1876ರ ಜೂನ್ 25ರಂದು ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಸೂ ಮತ್ತು ಷಯೆನ್ ಜನರೆದುರು ಕಸ್ಟರನ ದಳ ನಿರ್ನಾಮವಾದಾಗ ಆ ಸೈನಿಕರ ಚೀಲದಲ್ಲಿದ್ದದ್ದು ಇಂಥ ತೋಟಾಗಳು. ಮೆದು ತಾಮ್ರದ ಕೋಶ ಬಿಸಿ ನಳಿಗೆಗೆ ಕಚ್ಚಿಕೊಂಡು ಹೊರಬಾರದೆ ಹೋದದ್ದೇ ಸೋಲಿಗೆ ಕಾರಣವೆಂದು ಬಹುಕಾಲ ಹೇಳಿದರು. 1984ರಿಂದ ಆ ರಣಭೂಮಿಯನ್ನು ಅಗೆದು ನೋಡಿದ ಪುರಾತತ್ತ್ವಜ್ಞರಿಗೆ ಚಾಕುವಿನಿಂದ ಮೀಟಿದ ಗುರುತಿದ್ದ ಕೋಶಗಳು ಸಿಕ್ಕದ್ದು ಬಹಳ ಕಡಿಮೆ. ಸೋಲಿಗೆ ತಾಮ್ರವನ್ನು ದೂರುವುದು ಸೇನಾಪತಿಯನ್ನು ದೂರುವುದಕ್ಕಿಂತ ಸುಲಭವೆಂದು ನನ್ನ ಊಹೆ. ಅದೇನಿದ್ದರೂ 1880ರ ದಶಕದಲ್ಲಿ ಸೈನ್ಯ ಹೊರಗಿನಿಂದ ಪ್ರೈಮರ್ ಕೂರಿಸುವ, ಮತ್ತೆ ತುಂಬಬಹುದಾದ ಕೋಶಕ್ಕೆ ಬಂತು.

ಇದಾದ ಮೇಲೂ ಅಳತೆಗಳು ಒಂದಾಗಲಿಲ್ಲ. ಪ್ರತಿ ಕಾರ್ಖಾನೆ ತನ್ನದೇ ಅಳತೆಯ, ತನ್ನದೇ ಸಂಖ್ಯೆಯ ಬಟ್ಟಲು ಮಾಡಿ ತನ್ನದೇ ಕೋಶಕ್ಕೆ ಮಾರುತ್ತಿತ್ತು. ಬರ್ಡನ್ ಪದ್ಧತಿಯಲ್ಲಿ ಇಂದಿಗೂ ನಾಲ್ಕೂವರೆ ಮಿಲಿಮೀಟರಿನಿಂದ ಆರೂವರೆಯ ಹತ್ತಿರದವರೆಗೆ ಹಲವು ವ್ಯಾಸಗಳಿವೆ. ಅಮೆರಿಕದ ಬಾಕ್ಸರ್ ಬಟ್ಟಲುಗಳು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ ಮುಖ್ಯವಾಗಿ ಎರಡು ವ್ಯಾಸಗಳಿಗೆ ಇಳಿದವು: ಸಣ್ಣದು 0.175 ಇಂಚು, ದೊಡ್ಡದು 0.210 ಇಂಚು. ಎರಡರಲ್ಲಿಯೂ ರೈಫಲಿನದು, ಪಿಸ್ತೂಲಿನದು ಎಂಬ ಭೇದ. ರೈಫಲಿನ ಬಟ್ಟಲಿನ ತಗಡು ದಪ್ಪ, ಏಕೆಂದರೆ ಅಲ್ಲಿ ಒತ್ತಡ ಹೆಚ್ಚು. ದೊಡ್ಡ ಅಳತೆಯಲ್ಲಿ ರೈಫಲಿನದು ಎತ್ತರದಲ್ಲಿಯೂ ಕೊಂಚ ಹೆಚ್ಚು. ಅದನ್ನು ಪಿಸ್ತೂಲಿನ ಕೋಶಕ್ಕೆ ಹಾಕಿದರೆ ತಲೆ ಹೊರಗೇ ಉಳಿಯುತ್ತದೆ. ವ್ಯಾಸ ಒಂದೇ ಆದ್ದರಿಂದ ಬೆರಳಿಗೆ ಭೇದ ತಿಳಿಯದು. ಸಾಲದ್ದಕ್ಕೆ, ನೂರು ವರ್ಷ ದೊಡ್ಡ ಬಟ್ಟಲನ್ನೇ ಬಳಸಿದ .45 ಪಿಸ್ತೂಲಿನ ತೋಟಾಗೆ ಈಚಿನ ದಶಕಗಳಲ್ಲಿ ಕೆಲವು ಕಾರ್ಖಾನೆಗಳು ಸಣ್ಣ ಬಟ್ಟಲಿನ ಕೋಶವನ್ನೂ ಮಾಡತೊಡಗಿದವು. ಎರಡೂ ಕೋಶ ಹೊರನೋಟಕ್ಕೆ ಅವಳಿ ಮಕ್ಕಳು. ನನ್ನ ವಿದ್ಯಾರ್ಥಿಯ ಡಬ್ಬಿಯಲ್ಲಿ ಇವು ಬೆರೆತಿದ್ದರೆ ಆಶ್ಚರ್ಯವಿಲ್ಲ.

ಹಟ ಹಿಡಿಯುವ ಕೋಶಗಳಿಗೆ ಇನ್ನೊಂದು ಕಾರಣ ಸೈನ್ಯ. ಯಂತ್ರಕೋವಿಗಳ ರಭಸಕ್ಕೆ ಬಟ್ಟಲು ಸಡಿಲಗೊಂಡು ಯಂತ್ರದೊಳಗೆ ಬೀಳಬಾರದೆಂದು ಸೈನ್ಯದ ತೋಟಾಗಳಲ್ಲಿ ಗೂಡಿನ ಅಂಚನ್ನು ಸುತ್ತಲೂ ಒತ್ತಿ ಬಟ್ಟಲಿನ ಮೇಲೆ ಮಡಿಸಿಡುತ್ತಾರೆ. ಹಳೆಯ ಬಟ್ಟಲನ್ನು ಹೇಗೋ ತಳ್ಳಿ ತೆಗೆದರೂ ಆ ಮಡಿಕೆಯ ಅಂಚು ಉಳಿಯುತ್ತದೆ, ಹೊಸದು ಅದಕ್ಕೆ ತಾಗಿ ಸೊಟ್ಟಗಾಗುತ್ತದೆ. ಅಂಚನ್ನು ಅದಕ್ಕೆಂದೇ ಇರುವ ಉಪಕರಣದಿಂದ ತೆಗೆಯದೆ ಬಲ ಪ್ರಯೋಗಿಸುವುದು ಅಪಾಯ. ತಾನಾಗಿಯೇ ಉದುರುವವಕ್ಕೆ ಕಾರಣ ಮುಪ್ಪು. ಪ್ರತಿ ಈಡಿಗೂ ಹಿತ್ತಾಳೆ ಒಂದಿಷ್ಟು ಹಿಗ್ಗುತ್ತದೆ. ಹೆಚ್ಚಿನ ಒತ್ತಡದ ಈಡುಗಳಾದರೆ ಬೇಗ. ಗೂಡು ಅಗಲವಾದ ಮೇಲೆ ಆ ಕೋಶಕ್ಕೆ ಮದ್ದಿಲ್ಲ, ತಗಡಿನ ಬುಟ್ಟಿಯೇ ಗತಿ. ಬೇರೆ ಬೇರೆ ದೇಶದ ಬಟ್ಟಲುಗಳೂ ಒಂದೇ ಹೆಸರಿನ ಅಳತೆಯೊಳಗೆ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತವೆ. 2020 ಮತ್ತು 2021ರಲ್ಲಿ ಅಮೆರಿಕದಲ್ಲಿ ಪ್ರೈಮರುಗಳಿಗೆ ಬರ ಬಂದಾಗ ಸಿಕ್ಕಿದ್ದನ್ನು ಕೊಂಡವರಿಗೆ ಈ ಭೇದ ಅಂಗೈಗೇ ತಿಳಿದಿರಬೇಕು.

ವಿಜ್ಞಾನದ ಮೇಷ್ಟರಾಗಿ ರಸಾಯನದ ಒಂದು ಮಾತನ್ನು ಬಿಡಲಾರೆ. ಹಳೆಯ ಬಟ್ಟಲುಗಳ ಪಾದರಸ ಹಿತ್ತಾಳೆಗೆ ಶತ್ರು. ಕಪ್ಪುಮದ್ದಿನ ಕಾಲದಲ್ಲಿ ದಟ್ಟವಾದ ಮಸಿ ಅದನ್ನು ಹಂಚಿಕೊಂಡು ಹೋಗುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಪಾದರಸ ನೇರವಾಗಿ ಹಿತ್ತಾಳೆಯೊಂದಿಗೆ ಬೆರೆತು ಕೋಶವನ್ನು ಒಣ ಹಪ್ಪಳದಂತೆ ಪೆಡಸು ಮಾಡಿತು, ಮರುತುಂಬಿದರೆ ಬಿರುಕು. ಆಗ ಪಾದರಸ ಬಿಟ್ಟು ಪೊಟ್ಯಾಸಿಯಮ್ ಕ್ಲೋರೇಟನ್ನೇ ನೆಚ್ಚಿದರು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಮ್ ಕ್ಲೋರೈಡ್, ನಮ್ಮ ಅಡುಗೆಯುಪ್ಪಿನ ಸೋದರ. ಆಷಾಢದಲ್ಲಿ ಉಪ್ಪಿನ ಭರಣಿ ಬೆವರುವುದನ್ನು ಕಂಡವರಿಗೆ ನಳಿಗೆ ಏಕೆ ತುಕ್ಕು ಹಿಡಿಯುತ್ತಿತ್ತೆಂದು ವಿವರಿಸಬೇಕಾಗಿಲ್ಲ. ಎಣ್ಣೆಗೆ ಉಪ್ಪು ಕರಗದು. ಬಿಸಿನೀರಿನಿಂದಲೇ ತೊಳೆದು ಒರೆಸಬೇಕಿತ್ತು. 1920ರ ದಶಕದಲ್ಲಿ ಜರ್ಮನಿಯಲ್ಲಿ ಸೀಸದ ಸ್ಟಿಫ್ನೇಟ್ ಬಳಸಿದ ತುಕ್ಕುಹಿಡಿಸದ ಮಿಶ್ರಣ ಬಂದು ಆ ಕಾಟ ತಗ್ಗಿತು. ಅಮೆರಿಕದ ಸೈನ್ಯ ಪೂರ್ತಿ ಅದಕ್ಕೆ ಬಂದದ್ದು 1950ರ ದಶಕದಲ್ಲಿ.

ನಮ್ಮ ದೇಶದಲ್ಲಿ ಈ ಮನೆಗೆಲಸ ಬೆಳೆಯಲಿಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಕಾಯಿದೆಯಂತೆ ಅಪರಾಧ. ಅದು ಹಾಗಿರುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಪುಣೆಯ ಬಳಿಯ ಖಡಕಿಯಲ್ಲಿ ಬ್ರಿಟಿಷರು 1869ರಲ್ಲಿ ಸ್ಥಾಪಿಸಿದ ಕಾರ್ಖಾನೆ, 2021ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ಡಿನ ಅಂಗವಾಗಿದೆ. ಜೋಡಿನಳಿಗೆ ಕೋವಿಯವರಿಗೆ ಪರಿಚಿತವಾದ ‘ಶಕ್ತಿಮಾನ್’ ತೋಟಾ ಅಲ್ಲಿಯದೇ. ಇಂಗ್ಲಿಷ್ ಸೈನ್ಯ ಬಾಕ್ಸರನ ದೇಶದ್ದಾದರೂ .303 ತೋಟಾದಲ್ಲಿ ಬರ್ಡನ್ ಪದ್ಧತಿಗೇ ಹೋಯಿತು, ಖಡಕಿಯೂ ಅದನ್ನೇ ಅನುಸರಿಸಿತು.

ಆ ವಿದ್ಯಾರ್ಥಿಯ ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೆಲವು ಖಡಕಿಯ .303 ಕೋಶಗಳು ಸಿಕ್ಕಿವೆಯಂತೆ. ತೆಗೆಯಹೋದರೆ ಉಪಕರಣದ ಸೂಜಿ ಮುರಿಯಿತಂತೆ. ಕಾರಣ ಮೇಲೆ ಹೇಳಿದ್ದೇ. ಕೋಶದ ಬಾಯಿಯಿಂದ ಟಾರ್ಚ್ ಬಿಟ್ಟು ತಳ ನೋಡಿ. ನಡುವೆ ಒಂದು ತೂತು ಕಂಡರೆ ಬಾಕ್ಸರ್. ಪಕ್ಕದಲ್ಲಿ ಎರಡು ಸಣ್ಣ ತೂತು ಕಂಡರೆ ಬರ್ಡನ್. ಅದನ್ನು ಊರಿನ ನೆನಪಿಗೆಂದು ಕಪಾಟಿನಲ್ಲಿಡಿ, ಉಪಕರಣಕ್ಕೆ ಹಾಕಬೇಡಿ.